ಕೋಷ್ಟಕಕ್ಕೊಂದು ವೃತ್ತಿ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಲೆಕ್ಕಗಳನ್ನು ಕುರಿತ ವಿಮರ್ಶೆ

ಕಾವ್ಯಕ್ಕೆ ಟೀಕೆಯುಂಟು, ವ್ಯಾಕರಣಸೂತ್ರಕ್ಕೆ ವೃತ್ತಿಯುಂಟು. ಲೆಕ್ಕದ ಕೋಷ್ಟಕವೊಂದಕ್ಕೆ ವ್ಯಾಖ್ಯಾನ ಬೇಕೆಂದು ಮಾತ್ರ ನಾವು ಸಾಮಾನ್ಯವಾಗಿ ಬಗೆಯುವುದಿಲ್ಲ. ಅಂಕಿಯು ತನ್ನ ಅರ್ಥವನ್ನು ತಾನೇ ಹೇಳಿಕೊಳ್ಳುತ್ತದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಈ ನಂಬಿಕೆಯು ಎಂದೂ ಪೂರ್ತಿ ನಿಜವಾಗಿರಲಿಲ್ಲವಾದರೂ, ಕೋಷ್ಟಕವನ್ನು ಓದುವವನು ಮನುಷ್ಯನಾಗಿದ್ದಷ್ಟು ಕಾಲ ಅದರಿಂದ ಒದಗುತ್ತಿದ್ದ ಹಾನಿ ಅಲ್ಪವಾಗಿತ್ತು. ಸಂಶಯ ಬಂದಲ್ಲಿ ಅವನು ಕಚೇರಿಗೆ ಹೋಗಿ, ಲೆಕ್ಕ ಬರೆದವನನ್ನೇ ಕೇಳುತ್ತಿದ್ದನು. ಈಗ ಕೋಷ್ಟಕಕ್ಕೆ ಹೊಸ ಬಗೆಯ ಓದುಗನೊಬ್ಬನು ಬಂದಿದ್ದಾನೆ. ಅವನು ಯಾರನ್ನೂ ಕೇಳದೆ ಉತ್ತರ ಹೇಳಿಬಿಡಬಲ್ಲನು. ಈ ಓದುಗನ ಮುಂದೆ ಕೋಷ್ಟಕದ ವಿವರಣೆ ಹೇಗಿರಬೇಕು, ಈಗ ರೂಢಿಯಲ್ಲಿರುವ ವಿವರಣೆಗಳ ದೋಷವೇನು ಎಂಬುದನ್ನು ಬೆಳಗಾವಿ ಜಿಲ್ಲೆಯ ಮೂರು ತಾಲೂಕುಗಳ ನಿದರ್ಶನದಿಂದ ವಿಚಾರಿಸುವುದು ಈ ಲೇಖನದ ಉದ್ದೇಶವಾಗಿದೆ.

ಮೊದಲು ಈ ಓದುಗನ ಪರಿಚಯ ಮಾಡಿಕೊಳ್ಳುವುದು ಅವಶ್ಯಕ. ಡೇಟಾಬೇಸ್ ಎಂದು ಕರೆಯಲ್ಪಡುವ ದತ್ತಸಂಚಯದಲ್ಲಿ ಮಾಹಿತಿಯು ಕೋಷ್ಟಕಗಳಾಗಿ, ಎಂದರೆ ಸಾಲು ಮತ್ತು ಅಂಕಣಗಳಾಗಿ ಕೂಡಿಡಲ್ಪಟ್ಟಿರುತ್ತದೆ. ಈ ವ್ಯವಸ್ಥೆಗೆ ಗಣಿತದ ತಳಹದಿಯನ್ನು ಹಾಕಿದ ಪ್ರಬಂಧವನ್ನು ಎಡ್ಗರ್ ಕಾಡ್ ಎಂಬ ವಿದ್ವಾಂಸರು ೧೯೭೦ರಲ್ಲಿ ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಅದನ್ನು ಅನುಸರಿಸಿ, ಇಂದು ಎಸ್‌ಕ್ಯೂಎಲ್ ಎಂದು ಪ್ರಸಿದ್ಧವಾಗಿರುವ ಪ್ರಶ್ನಭಾಷೆಯು ರೂಪುಗೊಂಡಿತು. ಈವರೆಗೆ ಆ ಭಾಷೆಯನ್ನು ಕಲಿತವರು ಮಾತ್ರ ಕೋಷ್ಟಕವನ್ನು ಪ್ರಶ್ನಿಸಬಲ್ಲವರಾಗಿದ್ದರು. ಈಗಲಾದರೋ ಕೃತಕ ಬುದ್ಧಿಮತ್ತೆಯ ಸಹಾಯಕವು ಕನ್ನಡದಲ್ಲಿ ಕೇಳಿದ ಪ್ರಶ್ನೆಯನ್ನು ತಾನೇ ಎಸ್‌ಕ್ಯೂಎಲ್‌ಗೆ ತಿರುಗಿಸಿ, ಸಂಚಯಕ್ಕೆ ಒಪ್ಪಿಸಿ, ಬಂದ ಅಂಕಿಯನ್ನು ಒಳ್ಳೆಯ ವಾಕ್ಯವೊಂದರಲ್ಲಿ ಕೂಡಿಸಿ ಕೊಡುತ್ತದೆ. ಕಾಲೇಜಿನ ವಿದ್ಯಾರ್ಥಿಯು ತನ್ನ ತಾಲೂಕಿನ ಕಬ್ಬಿನ ಕ್ಷೇತ್ರವೆಷ್ಟೆಂದು ಕೇಳಿ ಕ್ಷಣಾರ್ಧದಲ್ಲಿ ಉತ್ತರ ಪಡೆಯಬಹುದು. ಇದು ದೊಡ್ಡ ಅನುಕೂಲವೇ ಸರಿ. ಅದನ್ನು ಹಳಿಯುವುದು ನಮ್ಮ ಅಭಿಪ್ರಾಯವಲ್ಲ.

ಆದರೆ ಆ ಸಹಾಯಕವು ಕಾಣುವುದೇನು? ಕೋಷ್ಟಕದ ಹೆಸರು, ಅಂಕಣಗಳ ಹೆಸರು, ಅವುಗಳಲ್ಲಿರುವುದು ಅಂಕಿಯೋ ಅಕ್ಷರವೋ ಎಂಬ ಸೂಚನೆ, ಕೆಲವು ವೇಳೆ ಮಾದರಿಗೆಂದು ನಾಲ್ಕಾರು ಸಾಲುಗಳು, ಇಷ್ಟೇ. ಕೋಷ್ಟಕವನ್ನು ಕಟ್ಟಿದವರ ಮನಸ್ಸಿನಲ್ಲಿದ್ದುದು ಅದಕ್ಕೆ ಕಾಣದು. ಇದರ ಪರಿಣಾಮವೆಷ್ಟೆಂಬುದನ್ನು ೨೦೨೩ರಲ್ಲಿ ಪ್ರಕಟವಾದ ‘ಬರ್ಡ್’ ಎಂಬ ಪರೀಕ್ಷಾಸಂಗ್ರಹವು ತೋರಿಸಿಕೊಟ್ಟಿದೆ. ೯೫ ದತ್ತಸಂಚಯಗಳನ್ನೂ ೧೨,೭೫೧ ಪ್ರಶ್ನೋತ್ತರಗಳನ್ನೂ ಒಳಗೊಂಡ ಈ ಸಂಗ್ರಹದ ಪರೀಕ್ಷೆಯಲ್ಲಿ, ಅಂದಿನ ಪ್ರಬಲ ಯಂತ್ರವಾಗಿದ್ದ ಜಿಪಿಟಿ-೪, ಪ್ರಶ್ನೆಗೆ ಬೇಕಾದ ಹೊರಗಿನ ತಿಳುವಳಿಕೆಯನ್ನು ಬರೆದು ಕೊಡದಿದ್ದಾಗ ಶೇಕಡಾ ೩೪.೮೮ರಷ್ಟು, ಬರೆದು ಕೊಟ್ಟಾಗ ಶೇಕಡಾ ೫೪.೮೯ರಷ್ಟು ಸರಿಯುತ್ತರ ಕೊಟ್ಟಿತು. ಅದೇ ಪರೀಕ್ಷೆಯಲ್ಲಿ ಮನುಷ್ಯರು ಪಡೆದುದು ಶೇಕಡಾ ೯೨.೯೬. ಯಂತ್ರಗಳು ಅಂದಿನಿಂದ ಬಹಳ ಮುಂದುವರಿದಿವೆ. ಆದರೆ ಆ ಎರಡು ಅಂಕಿಗಳ ನಡುವಿನ ಅಂತರದಲ್ಲಿರುವ ಪಾಠವು ಹಳೆಯದಾಗಿಲ್ಲ: ಯಂತ್ರ ಅದೇ, ಪ್ರಶ್ನೆ ಅದೇ, ಜೊತೆಗಿಟ್ಟ ವಿವರಣೆಯೊಂದೇ ಬೇರೆ.

ಈ ಮಾತನ್ನು ನಮ್ಮ ನಾಡಿನ ನೆಲದ ಮೇಲೆ ಇಟ್ಟು ನೋಡೋಣ.

೧. ಹೆಸರು ಮತ್ತು ಕಾಲ

ಗೋಕಾಕ ತಾಲೂಕಿನ ಉದಾಹರಣೆಯನ್ನು ಮೊದಲು ತೆಗೆದುಕೊಳ್ಳೋಣ. ೨೦೧೧ರ ಜನಗಣತಿಯ ಕೋಷ್ಟಕದಲ್ಲಿ ಬೆಳಗಾವಿ ಜಿಲ್ಲೆಗೆ ಹತ್ತು ತಾಲೂಕುಗಳಿವೆ. ಅವುಗಳಲ್ಲಿ ಗೋಕಾಕವಿದೆ, ಹುಕ್ಕೇರಿಯಿದೆ, ಮೂಡಲಗಿಯಿಲ್ಲ. ಮೂಡಲಗಿಯು ಆಗ ಗೋಕಾಕ ತಾಲೂಕಿನೊಳಗಿನ ಒಂದು ಊರು. ೨೦೧೭-೧೮ರ ಸುಮಾರಿಗೆ ರಾಜ್ಯದಲ್ಲಿ ಅನೇಕ ಹೊಸ ತಾಲೂಕುಗಳು ರಚಿತವಾದಾಗ ಮೂಡಲಗಿಯೂ ತನ್ನ ಸುತ್ತಣ ಹಳ್ಳಿಗಳೊಡನೆ ಗೋಕಾಕದಿಂದ ಬೇರ್ಪಟ್ಟು ಸ್ವತಂತ್ರ ತಾಲೂಕಾಯಿತು. ಅದರ ಬಳಿಕ ಸಿದ್ಧವಾದ ಕೋಷ್ಟಕಗಳಲ್ಲಿ ‘ಗೋಕಾಕ’ ಎಂಬ ಪದವು ಮೊದಲಿಗಿಂತ ಚಿಕ್ಕದಾದ ಭೂಭಾಗವನ್ನು ಹೇಳುತ್ತದೆ. ಪದವು ಮಾತ್ರ ಹಿಂದಿನದೇ ಆಗಿ ಉಳಿದಿದೆ.

ಈಗ ವಿದ್ಯಾರ್ಥಿಯೊಬ್ಬನು, “ಗೋಕಾಕ ತಾಲೂಕಿನ ಸಾಗುವಳಿ ಕ್ಷೇತ್ರವು ೨೦೧೧ರಿಂದ ಈಚೆಗೆ ಹೆಚ್ಚಿದೆಯೋ ಕಡಿಮೆಯಾಗಿದೆಯೋ?” ಎಂದು ಕೇಳಿದನೆಂದು ಇಟ್ಟುಕೊಳ್ಳೋಣ. ಸಹಾಯಕವು ಹಳೆಯ ಕೋಷ್ಟಕದಿಂದೊಂದು ಅಂಕಿಯನ್ನೂ ಹೊಸತರಿಂದೊಂದು ಅಂಕಿಯನ್ನೂ ತೆಗೆದು, ಕಳೆದು, ಕ್ಷೇತ್ರವು ಬಹಳವಾಗಿ ಕುಸಿದಿದೆಯೆಂದು ಹೇಳುತ್ತದೆ. ವಿದ್ಯಾರ್ಥಿಯು ಆ ಕುಸಿತಕ್ಕೆ ಕಾರಣಗಳನ್ನು ಹುಡುಕತೊಡಗುತ್ತಾನೆ: ನೀರಾವರಿಯ ಅಭಾವವೆನ್ನುತ್ತಾನೆ, ವಲಸೆಯೆನ್ನುತ್ತಾನೆ. ನಡೆಯದೆ ಇದ್ದ ಘಟನೆಗೆ ಒಂದು ಪ್ರಬಂಧವೇ ಹುಟ್ಟಿಕೊಂಡೀತು. ಇಲ್ಲಿ ಕುಸಿದುದು ಭೂಮಿಯಲ್ಲ. ಎಲ್ಲೆ ಸರಿದಿದೆ, ಅಷ್ಟೆ.

ಇದು ಹೊಸ ಸಂಗತಿಯೂ ಅಲ್ಲ. ೧೮೮೪ರಲ್ಲಿ ಪ್ರಕಟವಾದ ಮುಂಬಯಿ ಇಲಾಖೆಯ ಗ್ಯಾಝೆಟಿಯರಿನ ೨೧ನೆಯ ಸಂಪುಟವು ಬೆಳಗಾವಿ ಜಿಲ್ಲೆಯನ್ನು ಕುರಿತದ್ದು. ಅಂದು ಹುಕ್ಕೇರಿಯು ಚಿಕ್ಕೋಡಿಯ ಉಪವಿಭಾಗಕ್ಕೆ ಸೇರಿತ್ತು. ಇಂದು ಸವದತ್ತಿ ಎನ್ನುವ ತಾಲೂಕು ಪರಸಗಡವೆಂಬ ಹೆಸರಿನಲ್ಲಿತ್ತು. ಆ ಗ್ರಂಥದ ಅಂಕಿಗಳನ್ನು ಇಂದಿನ ಅಂಕಿಗಳ ಪಕ್ಕದಲ್ಲಿಡುವ ಇತಿಹಾಸಕಾರನು ಈ ಎಚ್ಚರವನ್ನು ಸಹಜವಾಗಿ ವಹಿಸುತ್ತಾನೆ. ಅದೇ ಎಚ್ಚರ ೨೦೧೧ಕ್ಕೂ ಇಂದಿಗೂ ನಡುವೆ ಬೇಕೆಂಬುದು ಮಾತ್ರ ನಮಗೆ ಹೊಳೆಯುವುದಿಲ್ಲ. ೨೦೨೧ರಲ್ಲಿ ನಡೆಯಬೇಕಾಗಿದ್ದ ಜನಗಣತಿಯು ಆ ವರ್ಷ ನಡೆಯದೆ ಹೋದುದರಿಂದ, ೨೦೧೧ರ ಅಂಕಿಗಳನ್ನೇ ಅನಂತರದ ಅನೇಕ ಲೆಕ್ಕಗಳೊಡನೆ ಜೋಡಿಸಬೇಕಾಗಿ ಬಂದಿತೆಂಬುದನ್ನು ನೆನೆದರೆ, ಈ ಎಚ್ಚರದ ಅಗತ್ಯವು ಇನ್ನೂ ಸ್ಪಷ್ಟವಾದೀತು.

ಇದಕ್ಕೆ ಹೆಸರಿನ ಬರವಣಿಗೆಯ ತೊಡಕೂ ಸೇರಿಕೊಳ್ಳುತ್ತದೆ. ಜಿಲ್ಲೆಯ ಹೆಸರು ೨೦೧೪ರ ನವೆಂಬರ್ ೧ರಿಂದ ಇಂಗ್ಲಿಷಿನಲ್ಲಿಯೂ ಬೆಳಗಾವಿಯಾಯಿತು. ಅದಕ್ಕೆ ಮುಂಚಿನ ಕೋಷ್ಟಕಗಳಲ್ಲಿ ಬೆಲ್ಗಾಮ್ ಎಂದಿದೆ. ಹುಕ್ಕೇರಿಯನ್ನು ರೋಮನ್ ಲಿಪಿಯಲ್ಲಿ ಒಂದು ಕಕಾರದಿಂದಲೂ ಎರಡು ಕಕಾರಗಳಿಂದಲೂ ಬರೆಯುತ್ತಾರೆ. ಮೂಡಲಗಿಯ ದೀರ್ಘಸ್ವರವನ್ನು ಕೆಲವರು ತೋರಿಸುತ್ತಾರೆ, ಕೆಲವರು ಬಿಡುತ್ತಾರೆ. ಹೆಸರಿನ ಬದಲು ಸಂಖ್ಯೆಯನ್ನು ನೆಚ್ಚಿದರೂ ಪೂರ್ತಿ ಪಾರಾಗಲಾರೆವು. ೨೦೧೧ರ ಜನಗಣತಿಯಲ್ಲಿ ಈ ಜಿಲ್ಲೆಯ ಸಂಕೇತಸಂಖ್ಯೆ ೫೫೫. ೨೦೦೧ರ ಜನಗಣತಿಯಲ್ಲಿ ಜಿಲ್ಲೆಗಳ ಎಣಿಕೆಯು ಪ್ರತಿಯೊಂದು ರಾಜ್ಯದಲ್ಲಿಯೂ ಒಂದರಿಂದ ಆರಂಭವಾಗುತ್ತಿತ್ತು.

ಹೀಗಿರಲು ‘ತಾಲೂಕು’ ಎಂಬ ಅಂಕಣಕ್ಕೆ ಸಾಮಾನ್ಯವಾಗಿ ಬರೆಯುವ ವಿವರಣೆಯೇನು? “ತಾಲೂಕು: ತಾಲೂಕಿನ ಹೆಸರು.” ಇದಕ್ಕಿಂತ ನಿರರ್ಥಕವಾದ ವಾಕ್ಯವನ್ನು ಕಲ್ಪಿಸುವುದು ಕಷ್ಟ. ಲಕ್ಷ್ಯವನ್ನೇ ಲಕ್ಷಣವೆಂದು ಹೇಳುವ ಈ ದೋಷವು ದತ್ತಾಂಶ ನಿಘಂಟುಗಳೆಂದು ಕರೆಯಲ್ಪಡುವ ಬರಹಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವಂಥದು. ಇದನ್ನು ಬರೆದವನು ಓದುಗನಿಗೆ ಗೊತ್ತಿರುವುದನ್ನು ಹೇಳಿ, ಗೊತ್ತಿಲ್ಲದುದನ್ನು ಬಿಟ್ಟಿದ್ದಾನೆ. ಬರೆಯಬೇಕಾದುದು ಹೀಗಿರಬೇಕು: “ಈ ಅಂಕಣದಲ್ಲಿರುವುದು ೨೦೧೧ರ ಎಲ್ಲೆಗಳಂತೆ ತಾಲೂಕಿನ ಹೆಸರು. ಮೂಡಲಗಿಯ ಹಳ್ಳಿಗಳು ಇಲ್ಲಿ ಗೋಕಾಕದಲ್ಲಿ ಸೇರಿವೆ. ಇಂದಿನ ಎಲ್ಲೆಗಳ ಕೋಷ್ಟಕದೊಡನೆ ಹೋಲಿಸುವಾಗ ಗೋಕಾಕ, ಮೂಡಲಗಿ ಎರಡನ್ನೂ ಕೂಡಿಸಿ ನೋಡಬೇಕು. ಇಲ್ಲವೆ ಹಳ್ಳಿಯ ಮಟ್ಟಕ್ಕಿಳಿದು ಲೆಕ್ಕ ಹಾಕಬೇಕು.” ನಾಲ್ಕೇ ವಾಕ್ಯಗಳು, ಆದರೆ ಒಂದು ಸುಳ್ಳು ಪ್ರಬಂಧವನ್ನು ತಡೆಯಬಲ್ಲವು.

೨. ಮಾನ

ಎರಡನೆಯ ನಿದರ್ಶನವು ಪಹಣಿಯದು. ಕರ್ನಾಟಕದಲ್ಲಿ ‘ಭೂಮಿ’ ಎಂಬ ಯೋಜನೆಯಿಂದ ಸುಮಾರು ೨೦೦೦ದ ಹೊತ್ತಿಗೆ ಕೈಬರಹದ ಪಹಣಿಗಳು ಗಣಕಕ್ಕೆ ಏರಿದವು. ಸುಮಾರು ೨ ಕೋಟಿ ದಾಖಲೆಗಳನ್ನು ಹೀಗೆ ಒಂದೆಡೆ ತಂದ ಈ ಕಾರ್ಯವು ದೇಶದಲ್ಲಿ ಹೆಸರಾಯಿತು. ಪಹಣಿಯಲ್ಲಿ ಜಮೀನಿನ ವಿಸ್ತೀರ್ಣವನ್ನು ಎಕರೆ ಗುಂಟೆಗಳಲ್ಲಿ ಬರೆಯುತ್ತಾರೆ. ೪೦ ಗುಂಟೆಗೆ ಒಂದು ಎಕರೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ನಾವು ನಡುವೆ ಚುಕ್ಕೆಯಿಟ್ಟು ೨.೨೦ ಎಂದು ಬರೆಯುವುದು ರೂಢಿ. ಗೋಕಾಕದ ರೈತನಿಗೆ ಇದರಲ್ಲಿ ಯಾವ ಸಂದೇಹವೂ ಇಲ್ಲ. ಆ ಚುಕ್ಕೆಯು ದಶಮಾಂಶದ ಚುಕ್ಕೆಯಲ್ಲವೆಂದು ಅವನಿಗೆ ಯಾರೂ ಹೇಳಬೇಕಾಗಿಲ್ಲ.

ಯಂತ್ರಕ್ಕೆ ಹೇಳಬೇಕು. ಹೇಳದಿದ್ದರೆ ೨.೨೦ ಅದಕ್ಕೆ ಎರಡೂಕಾಲಿಗಿಂತ ತುಸು ಕಡಿಮೆಯಾದ ಎಕರೆ. ನಿಜವಾಗಿ ಅದು ಎರಡೂವರೆ ಎಕರೆ. ಒಬ್ಬನಿಗೆ ೨.೨೦ ಮತ್ತು ೧.೩೦ ವಿಸ್ತೀರ್ಣದ ಎರಡು ಹೊಲಗಳಿದ್ದರೆ, ಯಂತ್ರವು ಅವನ್ನು ಕೂಡಿಸಿ ೩.೫೦ ಎಂದು ಹೇಳಿ, ಮೂರೂವರೆ ಎಕರೆಯೆಂದು ಅರ್ಥ ಮಾಡುತ್ತದೆ. ನಿಜವಾದ ಮೊತ್ತ ನಾಲ್ಕು ಎಕರೆ ಹತ್ತು ಗುಂಟೆ. ಮೂವತ್ತು ಗುಂಟೆ ಜಮೀನು ಕಾಗದದ ಮೇಲೆ ಮಾಯವಾಯಿತು. ಇನ್ನೊಂದು ಸೂಕ್ಷ್ಮವುಂಟು. ಈ ಅಂಕಣವನ್ನು ದಶಮಾಂಶದ ಸಂಖ್ಯೆಯೆಂದು ಕಟ್ಟಿದ್ದರೆ ಕೊನೆಯ ಸೊನ್ನೆಯು ಎಷ್ಟೋ ವೇಳೆ ಉದುರಿಹೋಗಿ ೨.೨೦ ಎಂಬುದು ೨.೨ ಆಗಿ ಕಾಣುತ್ತದೆ. ಆಗ ಓದುವವನು ಮನುಷ್ಯನೇ ಆಗಿದ್ದರೂ ಎರಡು ಎಕರೆ ಎರಡು ಗುಂಟೆಯೆಂದು ಮೋಸಹೋಗಬಹುದು.

ಇದರಿಂದ ಏನು ಕೆಡುತ್ತದೆಂದು ಕೇಳುವವರಿಗೆ ೨೦೧೯ರ ಆಗಸ್ಟ್ ತಿಂಗಳನ್ನು ನೆನಪಿಸುತ್ತೇವೆ. ಆ ತಿಂಗಳು ಘಟಪ್ರಭೆಯ ನೆರೆಯು ಗೋಕಾಕ ಪಟ್ಟಣದೊಳಗೂ ನದಿದಂಡೆಯ ಹಳ್ಳಿಗಳಿಗೂ ನುಗ್ಗಿ, ನಿಂತ ಬೆಳೆಯನ್ನು ಮುಳುಗಿಸಿತು. ಇಂಥ ವಿಪತ್ತಿನ ಪರಿಹಾರದ ನಿಯಮಗಳು ಶೇಕಡಾ ೩೩ ಅಥವಾ ಅದಕ್ಕೆ ಮೇಲ್ಪಟ್ಟ ಬೆಳೆಹಾನಿಯನ್ನು ಪರಿಗಣಿಸಿ, ಧನವನ್ನು ಹೆಕ್ಟೇರಿನ ಲೆಕ್ಕದಿಂದ ನಿಗದಿ ಮಾಡುತ್ತವೆ. ಪಹಣಿ ಎಕರೆ ಗುಂಟೆಯಲ್ಲಿ, ಪರಿಹಾರ ಹೆಕ್ಟೇರಿನಲ್ಲಿ. ಎರಡು ಎಕರೆ ಇಪ್ಪತ್ತು ಗುಂಟೆಯು ಹೆಕ್ಟೇರಿಗೆ ತಿರುಗಿದಾಗ ೧.೦೧, ಚುಕ್ಕೆಯನ್ನು ದಶಮಾಂಶವೆಂದು ಓದಿ ತಿರುಗಿಸಿದರೆ ೦.೮೯. ಒಂದು ಹಿಡುವಳಿಯಲ್ಲಿ ಹನ್ನೆರಡು ಗುಂಟೆಯ ನಷ್ಟ. ಇಂಥ ಹಿಡುವಳಿಗಳು ಒಂದು ತಾಲೂಕಿನಲ್ಲಿ ಸಾವಿರಗಟ್ಟಲೆ. ಅಧಿಕಾರಿಯು ಮುಂದೆಂದಾದರೂ ಇಂಥ ಅಂದಾಜನ್ನು ಸಹಾಯಕದಿಂದ ಕೇಳಿ ಪಡೆಯುವ ದಿನದಲ್ಲಿ ಆ ತಪ್ಪು ಯಾರ ಕಣ್ಣಿಗೂ ಬೀಳದು. ಏಕೆಂದರೆ ಉತ್ತರವು ನೋಡುವುದಕ್ಕೆ ಸರಿಯಾಗಿಯೇ ಇರುತ್ತದೆ.

ಮಾನದೊಡನೆ ‘ಒಂದು ಸಾಲು ಎಂದರೆ ಏನು’ ಎಂಬ ಪ್ರಶ್ನೆಯೂ ಏಳುತ್ತದೆ. ಪಹಣಿಯ ೯ನೆಯ ಕಾಲಮು ಸ್ವಾಧೀನದಾರನ ಹೆಸರಿನದು. ೧೨ನೆಯದು ಸಾಗುವಳಿ ಮತ್ತು ಬೆಳೆಯ ವಿವರದ್ದು. ನಾಲ್ಕು ಎಕರೆ ಜಮೀನು ಮೂವರು ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿದ್ದಾಗ, ಹೆಸರಿನ ಕೋಷ್ಟಕದಲ್ಲಿ ಮೂರು ಸಾಲು, ಜಮೀನಿನ ಕೋಷ್ಟಕದಲ್ಲಿ ಒಂದೇ ಸಾಲು ಇರಬಹುದು. ಎರಡನ್ನೂ ಜೋಡಿಸಿ ವಿಸ್ತೀರ್ಣವನ್ನು ಕೂಡಿಸಿದರೆ ನಾಲ್ಕು ಎಕರೆ ಹನ್ನೆರಡಾಗುತ್ತದೆ. ಚುಕ್ಕೆಯ ದೋಷದಿಂದ ಜಮೀನು ಕುಗ್ಗಿತು. ಜೋಡಣೆಯ ದೋಷದಿಂದ ಹಿಗ್ಗಿತು. ಇದೇ ರೀತಿ, “ಕಬ್ಬು ಬೆಳೆಯುವ ರೈತರೆಷ್ಟು?” ಎಂಬ ಸರಳ ಪ್ರಶ್ನೆಯಲ್ಲಿ ರೈತನೆಂದರೆ ೯ನೆಯ ಕಾಲಮಿನವನೋ ೧೨ನೆಯ ಕಾಲಮಿನವನೋ ಎಂಬ ನಿರ್ಧಾರ ಅಡಗಿದೆ. ಜಮೀನಿನ ಒಟ್ಟು ವಿಸ್ತೀರ್ಣದಲ್ಲಿ ಖರಾಬು ಸೇರಿದೆಯೋ ಇಲ್ಲವೋ ಎಂಬುದೂ ಹಾಗೆಯೇ. ಸಾಗುವಳಿಗೆ ಬಾರದ ‘ಅ’ ಖರಾಬು, ದಾರಿ ಹಳ್ಳ ಮೊದಲಾದ ಸಾರ್ವಜನಿಕ ಉಪಯೋಗದ ‘ಬ’ ಖರಾಬು ಎಂಬ ಭೇದವನ್ನು ಅಂಕಣದ ಹೆಸರಿನಿಂದಲೇ ಊಹಿಸುವುದು ಸಾಧ್ಯವಿಲ್ಲ. ‘ತರಿ’ ಎಂಬ ಶಬ್ದವನ್ನು ಕಂಡ ಯಂತ್ರವು ನೀರಾವರಿಯ ಜಮೀನೆಂದು ತಿಳಿಯುವುದೋ, ಕತ್ತರಿಸು ಎಂಬ ಕ್ರಿಯಾಪದವೆಂದು ತಿಳಿಯುವುದೋ, ಹೇಳಬರುವಂತಿಲ್ಲ. ಖುಷ್ಕಿ, ತರಿ, ಬಾಗಾಯ್ತು ಎಂಬ ಮೂರು ಶಬ್ದಗಳಿಗೆ ಒಂದೊಂದು ಸಾಲಿನ ಅರ್ಥ ಬರೆದಿಟ್ಟರೆ ಈ ಅನಿಶ್ಚಯ ತಪ್ಪುತ್ತದೆ.

೩. ಖಾಲಿ ಮನೆ

ಮೂರನೆಯ ನಿದರ್ಶನ ಹುಕ್ಕೇರಿಯದು; ನಮ್ಮ ದೃಷ್ಟಿಯಲ್ಲಿ ಇದು ಎಲ್ಲಕ್ಕೂ ಹೆಚ್ಚು ಬೋಧಪ್ರದವಾದುದು. ಬೆಳಗಾವಿ ಜಿಲ್ಲೆಯು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ಕ್ಷೇತ್ರಕ್ಕೆ ಸೇರಿದೆ. ಆದರೆ ಹುಕ್ಕೇರಿ ತಾಲೂಕಿನಲ್ಲಿ ಗ್ರಾಹಕರಿಗೆ ವಿದ್ಯುತ್ತನ್ನು ಹಂಚುವುದು ೧೯೬೯ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಕರ್ನಾಟಕದಲ್ಲಿ ಇಂಥ ಸಹಕಾರಿ ಸಂಘ ಇದೊಂದೇ. ಕಂಪನಿಯಿಂದ ವಿದ್ಯುತ್ತನ್ನು ಸಗಟಾಗಿ ಕೊಂಡು, ಅದನ್ನು ಮನೆಗಳಿಗೂ ಪಂಪುಸೆಟ್ಟುಗಳಿಗೂ ಸಂಘವು ತಾನೇ ವಿತರಿಸುತ್ತದೆ.

ಈಗ ಕಂಪನಿಯ ಗ್ರಾಹಕರ ಕೋಷ್ಟಕವೊಂದನ್ನು ತಾಲೂಕುವಾರಾಗಿ ಸಿದ್ಧಪಡಿಸಿದಲ್ಲಿ ಹುಕ್ಕೇರಿಯ ಮನೆ ಬರಿದಾಗಿ ಇರಬೇಕಾದುದು ಸಹಜ. ವಿದ್ಯುತ್ ಸಂಪರ್ಕವುಳ್ಳ ಪಂಪುಸೆಟ್ಟುಗಳು ಯಾವ ತಾಲೂಕಿನಲ್ಲಿ ಅತ್ಯಲ್ಪವೆಂದು ಕೇಳಿದರೆ ಸಹಾಯಕವು ಏನು ಹೇಳೀತು? ಖಾಲಿಯನ್ನು ಸೊನ್ನೆಯೆಂದು ಓದಿದರೆ, ಹುಕ್ಕೇರಿಯಲ್ಲಿ ಒಂದೂ ಇಲ್ಲವೆನ್ನುತ್ತದೆ. ಖಾಲಿಯನ್ನು ಬಿಟ್ಟು ಎಣಿಸಿದರೆ, ಹುಕ್ಕೇರಿಯ ಹೆಸರನ್ನೇ ಎತ್ತದೆ ಬೇರೊಂದು ತಾಲೂಕನ್ನು ತೋರಿಸುತ್ತದೆ. ಜಿಲ್ಲೆಯ ಸರಾಸರಿಯನ್ನು ಕೇಳಿದರೂ ಇದೇ ಗತಿ. ಸಹಕಾರದ ಇತಿಹಾಸದಲ್ಲಿ ವಿಶೇಷವಾದ ಸ್ಥಾನ ಪಡೆದ ತಾಲೂಕೊಂದು, ವಿವರಣೆಯಿಲ್ಲದ ಕೋಷ್ಟಕದಲ್ಲಿ ದೀಪವಿಲ್ಲದ ತಾಲೂಕಾಗಿ ಕಾಣಿಸಿಕೊಳ್ಳುತ್ತದೆ. ಆ ಖಾಲಿಯು ಅಭಾವದ ಗುರುತಲ್ಲ, ಬೇರೊಂದು ಸಂಸ್ಥೆಯ ಅಸ್ತಿತ್ವದ ಗುರುತು ಎಂಬುದನ್ನು ಕೋಷ್ಟಕದೊಳಗಿನ ಯಾವ ಅಂಕಿಯೂ ಹೇಳಲಾರದು.

ಖಾಲಿ ಮನೆಗೆ ಕನಿಷ್ಠಪಕ್ಷ ನಾಲ್ಕು ಅರ್ಥಗಳುಂಟೆಂದು ನಾವು ತಿಳಿಯುತ್ತೇವೆ. ಎಣಿಸಲಾಗಿ ಏನೂ ಸಿಗಲಿಲ್ಲವೆಂಬುದು ಒಂದು. ಎಣಿಸಲೇ ಇಲ್ಲವೆಂಬುದು ಎರಡು. ಎಣಿಸಿದ್ದರೂ ವರದಿ ಬಂದಿಲ್ಲವೆಂಬುದು ಮೂರು. ಈ ಪ್ರಶ್ನೆಯು ಆ ಸ್ಥಳಕ್ಕೆ ಅನ್ವಯಿಸುವುದೇ ಇಲ್ಲವೆಂಬುದು ನಾಲ್ಕು. ದತ್ತಸಂಚಯವು ಇವೆಲ್ಲಕ್ಕೂ ‘ನಲ್’ ಎಂಬ ಒಂದೇ ಗುರುತನ್ನು ಇಡುತ್ತದೆ. ಇವನ್ನು ಬೇರ್ಪಡಿಸಿ ಹೇಳುವುದು ವಿವರಣಕಾರನ ಕರ್ತವ್ಯ.

೪. ವೃತ್ತಿಯ ಸಂಪ್ರದಾಯ

ಈ ಮೂರು ನಿದರ್ಶನಗಳಲ್ಲಿಯೂ ಲೋಪವಾಗಿರುವುದು ಅಂಕಿಯಲ್ಲ, ಅಂಕಿಯೊಡನೆ ಇರಬೇಕಾಗಿದ್ದ ಮಾತು. ಹಿಂದೆ ಆ ಮಾತು ಎಲ್ಲಿತ್ತು? ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ಅದು ಕುಲಕರ್ಣಿಯ ನೆನಪಿನಲ್ಲಿತ್ತು. ಯಾವ ಹೊಲದ ಯಾವ ಅಂಚು ಖರಾಬು, ಯಾವ ಹೆಸರು ಸತ್ತವನದು, ಯಾವ ಖಾಲಿ ಮನೆಯನ್ನು ಬೇಕೆಂದೇ ಬಿಟ್ಟದ್ದು ಎಂಬುದನ್ನು ಅವನು ಬಲ್ಲವನಾಗಿದ್ದನು. ಮುಂಬಯಿ ಸರಕಾರದ ೧೯೫೦ರ ಕಾಯಿದೆಯಿಂದ ಕುಲಕರ್ಣಿ ವತನಗಳು ರದ್ದಾದವು, ತಲಾಠಿಗಳು ಬಂದರು. ವಂಶಪರಂಪರೆಯ ಆ ಅಧಿಕಾರವು ಹೋದುದು ಯುಕ್ತವೇ ಆಯಿತು. ತಿಳುವಳಿಕೆಯು ಒಬ್ಬನ ಬಾಯಲ್ಲಿ ಮಾತ್ರ ಇರುವುದು ಪ್ರಜೆಗೆ ಕ್ಷೇಮವಲ್ಲ. ಆದರೆ ಬಾಯಲ್ಲಿದ್ದುದನ್ನು ಬರಹಕ್ಕೆ ಇಳಿಸುವ ಕೆಲಸವು ಅಂದೂ ಪೂರ್ತಿಯಾಗಲಿಲ್ಲ, ಕೋಷ್ಟಕವು ಗಣಕಕ್ಕೆ ಏರಿದಾಗಲೂ ಪೂರ್ತಿಯಾಗಲಿಲ್ಲ. ಆಗ ಏರಿದ್ದು ಅಂಕಿ ಮಾತ್ರ.

ಬರಹದಲ್ಲಿಯೇ ಮಾನವನ್ನು ಹೇಳುವ ಪದ್ಧತಿ ನಮಗೆ ಹೊಸದೇನಲ್ಲ. ನಮ್ಮ ಶಾಸನಗಳಲ್ಲಿ ಭೂದಾನವನ್ನು ಇಷ್ಟು ಮತ್ತರೆಂದು ಹೇಳುವುದರ ಜೊತೆಗೆ, ಯಾವ ಗಳೆಯಿಂದ ಅಳೆದುದೆಂಬುದನ್ನೂ ಅನೇಕ ಕಡೆ ಹೇಳಿರುವುದನ್ನು ಶಾಸನಾಭ್ಯಾಸಿಗಳು ಬಲ್ಲರು. ಗಳೆಯು ಊರಿನಿಂದೂರಿಗೆ ಬೇರೆಯಾಗುವುದೆಂದು ಆ ಲೇಖಕನಿಗೆ ಗೊತ್ತಿತ್ತು. ತನ್ನನ್ನು ಕಾಣದ, ತಾನು ಕಾಣದ ಓದುಗನೊಬ್ಬನು ಮುಂದೆ ಬರುವನೆಂಬುದೂ ಗೊತ್ತಿತ್ತು. ಇಂದಿನ ಕೋಷ್ಟಕವನ್ನು ಕಟ್ಟುವವನಿಗೆ ಆ ಎರಡನೆಯ ತಿಳುವಳಿಕೆಯೇ ಇಲ್ಲವಾಗಿದೆ.

ವಿವರಣೆಯ ರೂಪಕ್ಕೂ ನಮ್ಮಲ್ಲಿ ಮೇಲ್ಪಂಕ್ತಿಯುಂಟು. ೧೩ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವನ್ನು ಹೇಳಿ, ವೃತ್ತಿಯಿಂದ ಅದನ್ನು ಬಿಡಿಸಿ, ಪ್ರಯೋಗದಿಂದ ಸ್ಥಿರಪಡಿಸುತ್ತಾನೆ. ಅಂಕಣದ ಹೆಸರು ಸೂತ್ರವಿದ್ದಂತೆ: ಅಡಕವಾದುದು, ಬಲ್ಲವನಿಗೆ ಮಾತ್ರ ಸಾಲುವುದು. ವಿವರಣೆಯು ವೃತ್ತಿ. ಇವೆರಡರ ಮೇಲೆ ಪ್ರಯೋಗವೂ ಬೇಕು. ಎಂದರೆ ಜನರು ನಿಜವಾಗಿ ಕೇಳುವಂಥ ಪ್ರಶ್ನೆಯೊಂದು, ಅದನ್ನು ಸಂಚಯಕ್ಕೆ ಹಾಕಬೇಕಾದ ಸರಿಯಾದ ರೀತಿ, ಬರಬೇಕಾದ ಉತ್ತರ. ಈಗಿನ ವಿವರಣೆಗಳಲ್ಲಿ ವೃತ್ತಿಯೇ ವಿರಳ. ಪ್ರಯೋಗವಂತೂ ಇಲ್ಲವೆನ್ನುವಷ್ಟು ಕಡಿಮೆ.

ನಮ್ಮ ಅಭಿಪ್ರಾಯದಲ್ಲಿ ಪ್ರತಿಯೊಂದು ಕೋಷ್ಟಕದ ವೃತ್ತಿಯೂ ಐದು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಒಂದು ಸಾಲು ಏನನ್ನು ಪ್ರತಿನಿಧಿಸುತ್ತದೆ? ಪ್ರತಿಯೊಂದು ಅಂಕಿಯ ಮಾನವೇನು? ಅದು ಯಾವ ಕಾಲದ್ದು, ಯಾವ ಕಾಲದ ಎಲ್ಲೆಗಳನ್ನು ಅನುಸರಿಸಿದುದು? ಖಾಲಿ ಮನೆಯ ಅರ್ಥವೇನು? ಈ ಕೋಷ್ಟಕವನ್ನು ಯಾವುದರೊಡನೆ ಹೇಗೆ ಜೋಡಿಸಬೇಕು, ಯಾವುದರೊಡನೆ ಜೋಡಿಸಲೇ ಬಾರದು? ಇವನ್ನು ಬೇರೆ ಕಡತದಲ್ಲಿ ಇಡುವುದಕ್ಕಿಂತ ಸಂಚಯದೊಳಗೇ ಇಡುವುದು ಲೇಸು. ಪ್ರಚಲಿತವಾದ ಅನೇಕ ದತ್ತಸಂಚಯಗಳಲ್ಲಿ ಕೋಷ್ಟಕಕ್ಕೂ ಅಂಕಣಕ್ಕೂ ‘ಕಾಮೆಂಟ್’ ಎಂಬ ಟಿಪ್ಪಣಿಯನ್ನು ಅಂಟಿಸುವ ಅನುಕೂಲ ಬಹುಕಾಲದಿಂದ ಇದೆ. ಬಹುಪಾಲು ಕಡೆ ಅದು ಬರಿದಾಗಿ ಉಳಿದಿದೆ, ಅಷ್ಟೆ.

೫. ಆಕ್ಷೇಪಗಳು

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ಪರಿಶೀಲಿಸದೆ ಬಿಡುವುದು ನ್ಯಾಯವಲ್ಲ. ಯಂತ್ರವೇ ಕ್ರಮೇಣ ಇದೆಲ್ಲವನ್ನೂ ತಾನಾಗಿ ತಿಳಿದುಕೊಳ್ಳುವುದೆಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ವಿಸ್ತೀರ್ಣದ ಅಂಕಣದಲ್ಲಿ ಚುಕ್ಕೆಯ ಮುಂದಿನ ಸಂಖ್ಯೆಯು ಎಂದೂ ೩೯ನ್ನು ಮೀರುವುದಿಲ್ಲವೆಂಬುದನ್ನು ಗಮನಿಸಿ, ಅದು ಗುಂಟೆಯಿರಬೇಕೆಂದು ಜಾಣ ಯಂತ್ರವು ಊಹಿಸಬಹುದು. ಮೂಡಲಗಿಯು ಗೋಕಾಕದಿಂದ ಒಡೆದು ಬಂದುದೆಂಬುದನ್ನು ತಾನು ಓದಿದ ಬೇರೆ ಬರಹಗಳಿಂದ ಅರಿತಿರಲೂಬಹುದು. ಆದರೆ ಊಹೆಯು ಪ್ರಮಾಣವಾಗಲಾರದು. ಹುಕ್ಕೇರಿಯ ಖಾಲಿ ಮನೆಯಂಥ ಕಡೆಗಳಲ್ಲಿ ಊಹೆಗೆ ಕೋಷ್ಟಕದೊಳಗೆ ಆಧಾರವೇ ಇಲ್ಲ. ಮೇಲಾಗಿ, ಊಹಿಸಿ ಹೇಳಿದ ಉತ್ತರವೂ ತಿಳಿದು ಹೇಳಿದ ಉತ್ತರವೂ ಒಂದೇ ಧಾಟಿಯಲ್ಲಿ ಬರುವುದರಿಂದ ಕೇಳಿದವನಿಗೆ ಅವುಗಳ ಭೇದ ತಿಳಿಯುವುದಿಲ್ಲ.

ಕೋಷ್ಟಕವನ್ನೇ ಸರಿಪಡಿಸಬೇಕು, ವಿವರಣೆಯೇಕೆ ಎಂಬುದು ಎರಡನೆಯ ಆಕ್ಷೇಪ. ಸರಿಪಡಿಸಬಹುದಾದುದನ್ನು ಅವಶ್ಯ ಸರಿಪಡಿಸಬೇಕು. ಎಕರೆಗೊಂದು, ಗುಂಟೆಗೊಂದು ಅಂಕಣವನ್ನಿಟ್ಟರೆ ಚುಕ್ಕೆಯ ತೊಡಕು ಅಲ್ಲಿಗೇ ಮುಗಿಯುತ್ತದೆ. ಆದರೆ ಇತಿಹಾಸವನ್ನು ಸರಿಪಡಿಸುವುದು ಹೇಗೆ? ೨೦೧೧ರಲ್ಲಿ ಮೂಡಲಗಿ ತಾಲೂಕಿರಲಿಲ್ಲವೆಂಬುದು ದೋಷವಲ್ಲ, ಸಂಗತಿ. ಸಂಗತಿಯನ್ನು ಹೇಳಬೇಕಲ್ಲದೆ ತಿದ್ದಬಾರದು.

ಮೂರನೆಯದು ಹೆಚ್ಚು ಗಂಭೀರವಾದುದು. ವಿವರಣೆಯೇ ತಪ್ಪಾಗಿದ್ದರೆ? ಹಳೆಯದಾಗಿದ್ದರೆ? ವಿವರಣೆಯಿಲ್ಲದ ಕೋಷ್ಟಕಕ್ಕಿಂತ ತಪ್ಪು ವಿವರಣೆಯ ಕೋಷ್ಟಕವು ಹೆಚ್ಚು ಅಪಾಯಕರವೆಂಬುದನ್ನು ನಾವು ಒಪ್ಪುತ್ತೇವೆ. ಏಕೆಂದರೆ ಸಹಾಯಕವು ಅದನ್ನು ಶಂಕೆಯಿಲ್ಲದೆ ನಂಬಿಬಿಡುವ ಸಂಭವವಿದೆ. ಆದುದರಿಂದ ಪ್ರತಿಯೊಂದು ವೃತ್ತಿಯ ಕೊನೆಯಲ್ಲಿಯೂ ಬರೆದ ದಿನಾಂಕ, ಬರೆದವನ ಹುದ್ದೆ, ಕೊನೆಗೆ ಪರೀಕ್ಷಿಸಿದ ದಿನಾಂಕ ಇರಬೇಕು. ಮಿತಿಯೂ ಇರಬೇಕು. ಒಂದೊಂದು ಅಂಕಣಕ್ಕೆ ಒಂದೊಂದು ಪುಟ ಬರೆಯುವವನು ಮುಖ್ಯವಾದ ಮಾತನ್ನು ಅಮುಖ್ಯವಾದುದರಲ್ಲಿ ಹೂತುಹಾಕುತ್ತಾನೆ. ಹಳ್ಳಿಯ ಹೆಸರಿನ ಅಂಕಣಕ್ಕೆ ಹೇಳಬೇಕಾದುದು ಒಂದು ವಾಕ್ಯವಿದ್ದರೆ ಒಂದೇ ವಾಕ್ಯ ಸಾಕು.

೬. ಯಾರು ಬರೆಯಬೇಕು

ಈ ಕೆಲಸವು ಗಣಕಶಾಸ್ತ್ರಜ್ಞರದೆಂದು ಬಿಟ್ಟುಬಿಡುವುದು ಸುಲಭ. ಆದರೆ ಅವರಿಗೆ ಗೊತ್ತಿರುವುದು ಅಂಕಣವನ್ನು ಕಟ್ಟುವ ರೀತಿ. ಅಂಕಣದೊಳಗಿನ ಮಾತಿನ ಅರ್ಥ ಗೊತ್ತಿರುವುದು ಹುಕ್ಕೇರಿಯ ಲೈನ್‌ಮನ್ನನಿಗೆ, ಗೋಕಾಕದ ಗ್ರಾಮ ಆಡಳಿತಾಧಿಕಾರಿಗೆ, ಮೂಡಲಗಿಯ ಹಿರಿಯ ರೈತನಿಗೆ. ಇವರಿಂದ ಕೇಳಿ, ಕೇಳಿದುದನ್ನು ಸಂದಿಗ್ಧವಿಲ್ಲದ ಕನ್ನಡದಲ್ಲಿ ಬರೆದು, ಮತ್ತೆ ಅವರಿಗೇ ಓದಿ ತೋರಿಸಿ ತಿದ್ದಿಕೊಳ್ಳುವುದು ಭಾಷೆ, ಇತಿಹಾಸ, ಅರ್ಥಶಾಸ್ತ್ರಗಳ ವಿದ್ಯಾರ್ಥಿಗಳು ಮಾಡಬಲ್ಲ ಕೆಲಸ. ಪಾಠಾಂತರಗಳನ್ನು ತೂಗಿ ನೋಡಿ ಅಭ್ಯಾಸವಾದ ಕಣ್ಣಿಗೆ ಅಂಕಣದ ಹೆಸರೊಂದರ ಎರಡು ಅರ್ಥಗಳು ಬೇಗನೆ ಕಾಣುತ್ತವೆ. ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಯೊಬ್ಬನು ತನ್ನ ತಾಲೂಕಿನ ಒಂದೇ ಒಂದು ಸಾರ್ವಜನಿಕ ಕೋಷ್ಟಕಕ್ಕೆ, ಮೇಲೆ ಹೇಳಿದ ಐದು ಪ್ರಶ್ನೆಗಳನ್ನು ಅನುಸರಿಸಿ, ಹತ್ತು ಪ್ರಯೋಗಗಳೊಡನೆ ಒಂದು ವೃತ್ತಿಯನ್ನು ಬರೆದರೆ, ಅದನ್ನು ಪ್ರಬಂಧವೆಂದು ಮನ್ನಿಸುವುದಕ್ಕೆ ನಮ್ಮ ವಿಭಾಗಗಳು ಹಿಂಜರಿಯಬಾರದು.

ಆ ವೃತ್ತಿಯನ್ನು ಪರೀಕ್ಷಿಸುವ ಬಗೆಯೂ ಸರಳವಾಗಿದೆ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಸಹಾಯಕಕ್ಕೆ ಎರಡು ಸಲ ಕೇಳಬೇಕು: ಒಮ್ಮೆ ವೃತ್ತಿಯಿಲ್ಲದೆ, ಒಮ್ಮೆ ವೃತ್ತಿಯೊಡನೆ. ಪ್ರಶ್ನೆಗಳಲ್ಲ್ಲಿ ಒಂದೆರಡಾದರೂ ಕೋಷ್ಟಕದಿಂದ ಉತ್ತರಿಸಲಾಗದವು ಇರಬೇಕು. “ಕಂಪನಿಯ ಕೋಷ್ಟಕದಲ್ಲಿ ಹುಕ್ಕೇರಿಯ ಗ್ರಾಹಕರೆಷ್ಟು?” ಎಂದು ಕೇಳಿದಾಗ, “ಅಲ್ಲಿಯ ವಿತರಣೆ ಸಹಕಾರಿ ಸಂಘದ್ದು, ಆ ಲೆಕ್ಕ ಈ ಕೋಷ್ಟಕದಲ್ಲಿಲ್ಲ” ಎಂದು ಸಹಾಯಕವು ಹೇಳಿದರೆ, ಆ ವೃತ್ತಿ ತನ್ನ ಕೆಲಸವನ್ನು ಮಾಡಿತೆಂದು ತಿಳಿಯಬಹುದು. ಅಂಕಿಯಿಲ್ಲದ ಆ ಉತ್ತರವು ಸೊನ್ನೆಯೆಂಬ ಉತ್ತರಕ್ಕಿಂತ ಹೆಚ್ಚು ನಿಜವಾದುದು.